ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಖಾಲಿ ಬಿಟ್ಟಿದ್ದ ಒಂದು ಸಾಲು

ಏಳು ವರ್ಷದ ನಮ್ಮ ಹೆಣ್ಣು ಲ್ಯಾಬ್ರಡಾರ್ ಊಟ ಬಿಟ್ಟು, ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದಾಗ ಪಶುವೈದ್ಯರು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಲು ಹೇಳಿದರು. ಮನೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಆರಿಸಿಕೊಂಡ ಕೇಂದ್ರದಲ್ಲಿ ನಡೆದದ್ದನ್ನು, ನನ್ನ ತಪ್ಪನ್ನೂ ಮುಚ್ಚಿಡದೆ, ಹೆಣ್ಣು ನಾಯಿ ಸಾಕಿರುವವರಿಗಾಗಿ ಬರೆಯುತ್ತಿದ್ದೇನೆ.

ಏನಾದರೂ ಹೊಟ್ಟೆಗೆ ಹೋಗಲಿ ಎಂದು ಆ ಬೆಳಿಗ್ಗೆ ಒತ್ತಾಯ ಮಾಡಿ ಮೊಸರನ್ನ ತಿನ್ನಿಸಿದ್ದೆ. ಇಂಥ ಪರೀಕ್ಷೆಗೆ ಸಾಮಾನ್ಯವಾಗಿ 8ರಿಂದ 12 ಗಂಟೆ ಆಹಾರ ಕೊಡಬಾರದು, ನೀರು ಕೊಡಬಹುದು ಎಂಬುದನ್ನು ಕೇಂದ್ರದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಟ್ಟೆಯ ಕೂದಲು ಬೋಳಿಸಲೇ ಎಂದು ಅವರು ಕೇಳಿದಾಗ, ಚಳಿಗಾಲವಲ್ಲವೇ ಎಂದು ಬೇಡವೆಂದವನು ನಾನೇ. ಕೂದಲಿನ ಮೇಲೆಯೇ ಜೆಲ್ ಸುರಿದರು. ಕೂದಲಿನ ನಡುವೆ ಸಿಕ್ಕಿಕೊಂಡ ಗಾಳಿಯನ್ನಾಗಲಿ, ಕರುಳಿನಲ್ಲಿ ತುಂಬಿದ ವಾಯುವನ್ನಾಗಲಿ ಶಬ್ದತರಂಗಗಳು ದಾಟಿ ಹೋಗಲಾರವಾದ್ದರಿಂದ ಪರದೆಯ ಮೇಲೆ ಬಹುಪಾಲು ಬೂದು ಮಬ್ಬೇ ಕಾಣುತ್ತಿತ್ತು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು.

ಯಕೃತ್ತು, ಗುಲ್ಮ, ಮೂತ್ರಪಿಂಡ, ಮೂತ್ರಕೋಶಗಳ ಮುಂದೆ ‘ಸಹಜ’ ಎಂದು ಬರೆದಿತ್ತು. ಗರ್ಭಕೋಶದ ಮುಂದೆ ಏನೂ ಇರಲಿಲ್ಲ. ನಾಲ್ಕು ಸಲ ‘ಸಹಜ’ ಎಂದು ಓದಿದ ಸಮಾಧಾನದಲ್ಲಿ ಆ ಖಾಲಿ ಜಾಗ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಅಜೀರ್ಣದ ಮಾತ್ರೆ ಕೊಡುತ್ತ ನಾಲ್ಕು ದಿನ ಕಳೆದೆವು. ಐದನೆಯ ದಿನ ಅವಳು ಏಳಲಾರದಾದಾಗ ಕರೆದೊಯ್ದ ಮತ್ತೊಂದು ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ, “ಕೊನೆಯ ಸಲ ಬೆದೆಗೆ ಬಂದದ್ದು ಯಾವಾಗ?” ಸುಮಾರು ಆರು ವಾರವಾಗಿತ್ತು; ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಪಕ್ಕೆಲುಬಿನಿಂದ ತೊಡೆಸಂದಿಯವರೆಗೆ ಕೂದಲು ಬೋಳಿಸಿ ನೋಡಿದಾಗ, ಮೂತ್ರಕೋಶದ ಬಳಿ ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಉಬ್ಬಿದ ಕಪ್ಪು ಸುರುಳಿಗಳು ಸ್ಪಷ್ಟವಾಗಿ ಕಂಡವು. ಅದು ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿಗಳಿಗೆ ಬೆದೆ ಮುಗಿದ ಕೆಲವು ವಾರಗಳಲ್ಲಿ ಇದು ಬರಬಹುದು. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಹೊರಗೆ ಸ್ರಾವವೂ ಕಾಣುವುದಿಲ್ಲ. ಬ್ಯಾಕ್ಟೀರಿಯಾದ ವಿಷ ಮೂತ್ರಪಿಂಡವನ್ನು ಬಾಧಿಸುವುದರಿಂದಲೇ ಅಷ್ಟೊಂದು ಬಾಯಾರಿಕೆ. ಅದೇ ರಾತ್ರಿ ಶಸ್ತ್ರಚಿಕಿತ್ಸೆ ಮಾಡಿ ಗರ್ಭಕೋಶವನ್ನು ತೆಗೆದರು. ಅವಳು ಬದುಕಿದಳು, ಆದರೆ ಮೂತ್ರಪಿಂಡದ ಪಥ್ಯ ಇಂದಿಗೂ ನಡೆಯುತ್ತಿದೆ.

ನಿಮ್ಮ ಕೈಗೆ ರಿಪೋರ್ಟ್ ಬಂದಾಗ ‘ಸಹಜ’ ಎಂದಿರುವುದಕ್ಕಿಂತ ಮೊದಲು, ಯಾವ ಅಂಗದ ಬಗ್ಗೆ ಏನೂ ಬರೆದಿಲ್ಲ ಎಂಬುದನ್ನು ನೋಡಿ, ಅಲ್ಲಿಯೇ ನಿಂತು ಕೇಳಿ. ನಾನು ಎರಡು ವಾರ ತಡವಾಗಿ ಆ ಕೇಂದ್ರಕ್ಕೆ ಹೋಗಿ ಖಾಲಿ ಜಾಗವನ್ನು ತೋರಿಸಿದೆ. “ಗ್ಯಾಸ್ ತುಂಬಿತ್ತು ಸಾರ್, ಕಾಣಲಿಲ್ಲ” ಎಂದರು. ಆ ಮಾತನ್ನು ಅಂದೇ ಬರೆದುಕೊಟ್ಟಿದ್ದರೆ, ಮರುದಿನವೇ ಅವಳನ್ನು ಖಾಲಿ ಹೊಟ್ಟೆಯಲ್ಲಿ ಮತ್ತೆ ಕರೆತರುತ್ತಿದ್ದೆ.