ನನ್ನ ಕಣ್ಣಿಗೆ ಒಪ್ಪಿಗೆ, ತಮ್ಮನ ಕಣ್ಣಿಗೆ ನಿರಾಕರಣೆ: ಲೇಸರ್ ಶಸ್ತ್ರಚಿಕಿತ್ಸೆಯ ಸೇವೆ ಹೇಗಿತ್ತು

ಐದನೆಯ ತರಗತಿಯಿಂದ ಕನ್ನಡಕ ಧರಿಸುತ್ತಿದ್ದ ನಾನು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಎರಡೂ ಕಣ್ಣಿಗೆ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈಗ ಒಂದು ವರ್ಷ ನಾಲ್ಕು ತಿಂಗಳಾಯಿತು. ನನ್ನ ತಪಾಸಣೆ ನಡೆದ ದಿನವೇ, ಅದೇ ಆಸ್ಪತ್ರೆಯಲ್ಲಿ ತಪಾಸಣೆಗೆ ಕುಳಿತ ನನ್ನ ತಮ್ಮನಿಗೆ ವೈದ್ಯರು ಈ ಚಿಕಿತ್ಸೆ ಮಾಡಲು ಸಾಧ್ಯವಿಲ್ಲವೆಂದು ಹೇಳಿ ವಾಪಸು ಕಳುಹಿಸಿದರು. ನನಗೆ ಸಿಕ್ಕ ಒಪ್ಪಿಗೆಗಿಂತ ಅವನಿಗೆ ಸಿಕ್ಕ ನಿರಾಕರಣೆಯೇ ಆ ಆಸ್ಪತ್ರೆಯ ಮೇಲೆ ನನಗೆ ನಂಬಿಕೆ ಹುಟ್ಟಿಸಿತು. ತುಮಕೂರಿನಲ್ಲಿ ನನ್ನ ಪರಿಚಯದವರು ಈಗ ವಾರಕ್ಕೊಬ್ಬರಂತೆ ಈ ಚಿಕಿತ್ಸೆಯ ಬಗ್ಗೆ ಕೇಳುತ್ತಿರುವುದರಿಂದ, ನಾನು ಕಂಡ ಎರಡು ಕಡೆಯ ಸೇವೆಯನ್ನೂ, ಚಿಕಿತ್ಸೆಯಿಂದ ಆದ ಅನುಕೂಲ ಮತ್ತು ತೊಂದರೆಗಳನ್ನೂ ವಿವರವಾಗಿ ಬರೆಯುತ್ತಿದ್ದೇನೆ.

ನಾವು ಮೊದಲು ಹೋದದ್ದು ಬೆಂಗಳೂರಿನ ಒಂದು ಲೇಸರ್ ಕೇಂದ್ರಕ್ಕೆ. ಅಲ್ಲಿ ವೈದ್ಯರನ್ನು ಕಾಣುವ ಮೊದಲೇ ಕೌನ್ಸೆಲರ್ ಒಬ್ಬರು ನಮ್ಮನ್ನು ಕೂರಿಸಿಕೊಂಡು ದರಪಟ್ಟಿ ಮುಂದಿಟ್ಟರು. ಆ ದಿನವೇ ಮುಂಗಡ ಕಟ್ಟಿದರೆ ಹದಿನೈದು ಸಾವಿರ ರೂಪಾಯಿ ರಿಯಾಯಿತಿ ಎಂದರು. ಅಂದು ಬೆಳಿಗ್ಗೆಯವರೆಗೂ ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡಿದ್ದೆನೆಂಬುದನ್ನು ಯಾರೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಎರಡು ಯಂತ್ರಗಳ ಮುಂದೆ ಕೂರಿಸಿ, ಇಬ್ಬರೂ ಯೋಗ್ಯರೆಂದು ಹೇಳಿಬಿಟ್ಟರು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಸಿದ್ಧತೆ ನಡೆಸುತ್ತಿರುವುದಾಗಿ ತಮ್ಮ ತಿಳಿಸಿದಾಗ, ಶಸ್ತ್ರಚಿಕಿತ್ಸೆಯಾದ ಮೇಲೆ ಕನ್ನಡಕವೇ ಇರುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ ಎಂಬ ಉತ್ತರ ಬಂತು. ಈ ಮಾತು ಶುದ್ಧ ತಪ್ಪು. ಲೇಸಿಕ್ ಅಥವಾ ಅಂಥ ಯಾವುದೇ ಶಸ್ತ್ರಚಿಕಿತ್ಸೆಯಿಂದ ದೃಷ್ಟಿದೋಷ ಸರಿಪಡಿಸಿಕೊಂಡವರು ಆ ಹುದ್ದೆಗೆ ಅರ್ಹರಲ್ಲವೆಂದು ರೈಲ್ವೆ ನೇಮಕಾತಿ ಅಧಿಸೂಚನೆಯಲ್ಲಿಯೇ ಬರೆದಿರುತ್ತದೆ, ಮತ್ತು ವೈದ್ಯಕೀಯ ಪರೀಕ್ಷೆಯಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ನಕ್ಷೆ ತೆಗೆದರೆ ಚಿಕಿತ್ಸೆಯ ಗುರುತು ಕಾಣುತ್ತದೆ. ಲೋಕೋ ಪೈಲಟ್ ಆಗಬೇಕೆಂಬ ಆಸೆಯಿಂದಲೇ ಸಾಲ ಮಾಡಿ ಈ ಚಿಕಿತ್ಸೆ ಮಾಡಿಸಿಕೊಳ್ಳಲು ಹೊರಟಿರುವ ಹುಡುಗರು ನಮ್ಮ ಜಿಲ್ಲೆಯಲ್ಲಿ ಖಂಡಿತ ಇದ್ದಾರೆ; ಅವರ ಮನೆಯವರು ದಯವಿಟ್ಟು ಮೊದಲು ಅಧಿಸೂಚನೆಯನ್ನು ಪೂರ್ತಿ ಓದಬೇಕು.

ಮುಂಗಡ ಕಟ್ಟದೆ ಊರಿಗೆ ಮರಳಿ, ನನ್ನ ಕಣ್ಣನ್ನು ಚಿಕ್ಕಂದಿನಿಂದ ನೋಡುತ್ತಿರುವ ತುಮಕೂರಿನ ನೇತ್ರವೈದ್ಯರನ್ನು ಕೇಳಿದೆವು. ಅವರು ಹಿಂದಿನ ಮೂರು ವರ್ಷದ ಚೀಟಿಗಳನ್ನು ತರಿಸಿಕೊಂಡು, ನನ್ನ ಪವರ್ ಆ ಅವಧಿಯಲ್ಲಿ ಬದಲಾಗಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಬೆಂಗಳೂರಿನ ಇನ್ನೊಂದು ಕಣ್ಣಿನ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು. ಹದಿನೆಂಟು ವರ್ಷ ತುಂಬಿರಬೇಕು, ಕನಿಷ್ಠ ಒಂದು ವರ್ಷ ಪವರ್ ನಿಂತಿರಬೇಕು, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಕಾಯಬೇಕು ಎಂಬ ಮೂಲ ನಿಯಮಗಳನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ. ಲೆನ್ಸ್ ಧರಿಸುವುದನ್ನು ಎರಡು ವಾರ ಪೂರ್ತಿ ನಿಲ್ಲಿಸಿ ಹೋಗಲು ಹೇಳಿದರು, ಏಕೆಂದರೆ ಲೆನ್ಸಿನ ಒತ್ತಡಕ್ಕೆ ಕಾರ್ನಿಯಾದ ಆಕಾರ ಬದಲಾಗಿ ಅಳತೆಗಳು ತಪ್ಪುತ್ತವೆ. ಗಟ್ಟಿ ಲೆನ್ಸ್ ಬಳಸುವವರು ಇನ್ನೂ ಹೆಚ್ಚು ದಿನ ಬಿಡಬೇಕಾಗುತ್ತದೆ.

ಎರಡನೆಯ ಆಸ್ಪತ್ರೆಯಲ್ಲಿ ತಪಾಸಣೆಗೇ ಮೂರು ಗಂಟೆ ಹಿಡಿಯಿತು. ಕಾರ್ನಿಯಾದ ಮುಂಭಾಗ ಮತ್ತು ಹಿಂಭಾಗದ ನಕ್ಷೆ, ಅದರ ದಪ್ಪ, ಕತ್ತಲಲ್ಲಿ ಪಾಪೆ ಎಷ್ಟು ಅಗಲವಾಗುತ್ತದೆ, ಕಣ್ಣೀರು ಸಾಕಷ್ಟು ಬರುತ್ತದೆಯೇ, ಕಣ್ಣಿನ ಒತ್ತಡವೆಷ್ಟು ಎಂಬುದನ್ನೆಲ್ಲ ಒಂದೊಂದಾಗಿ ನೋಡಿ, ಕೊನೆಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ, ಕಣ್ಣಿನೊಳಗಿನ ಹಿಂಪದರವಾದ ರೆಟಿನಾ ಪರೀಕ್ಷಿಸಿದರು. ಕೀಲುವಾತ, ಮಧುಮೇಹ, ಸಕ್ರಿಯ ಅಲರ್ಜಿ ಇದೆಯೇ ಎಂದು ಕೇಳಿದರು. ಎರಡು ಸಾವಿರ ರೂಪಾಯಿ ತಪಾಸಣಾ ಶುಲ್ಕವನ್ನು ಚಿಕಿತ್ಸೆ ಮಾಡಿಸಿದರೂ ಬಿಟ್ಟರೂ ಕೊಡಬೇಕಿತ್ತು. ಇದು ಸರಿಯಾದ ಪದ್ಧತಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಉಚಿತ ತಪಾಸಣೆಯ ಖರ್ಚನ್ನು ಶಸ್ತ್ರಚಿಕಿತ್ಸೆಯಿಂದಲೇ ದುಡಿಯಬೇಕಾದ ಕಡೆ ಬೇಡವೆಂದು ಹೇಳುವುದು ಕಷ್ಟವಾಗುತ್ತದೆ.

ನಾನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಆದ್ದರಿಂದ ಅಲ್ಲಿನ ವೈದ್ಯೆ ನನ್ನ ಕಣ್ಣಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ್ದು ನನಗೆ ಬಹಳ ಸಮಾಧಾನ ನೀಡಿತು. ನನ್ನ ಬಲಗಣ್ಣಿನ ಕಾರ್ನಿಯಾ 538 ಮೈಕ್ರಾನ್ ದಪ್ಪವಿತ್ತು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಲೇಸಿಕ್ ವಿಧಾನದಲ್ಲಿ ಮೊದಲು ಒಂದು ಲೇಸರಿನಿಂದ ಸುಮಾರು 110 ಮೈಕ್ರಾನ್ ದಪ್ಪದ ಮೇಲ್ಪದರವನ್ನು ಬಾಗಿಲಿನಂತೆ ಬಿಡಿಸಿ ಮಡಚುತ್ತಾರೆ; ಅದನ್ನೇ ಫ್ಲ್ಯಾಪ್ ಎನ್ನುತ್ತಾರೆ. ಆಮೇಲೆ ಎಕ್ಸೈಮರ್ ಎಂಬ ಇನ್ನೊಂದು ಲೇಸರ್ ಒಳಗಿನ ಅಂಗಾಂಶವನ್ನು, ಪವರಿನ ಅಳತೆಯಾದ ಡಯಾಪ್ಟರ್ ಒಂದಕ್ಕೆ ಅಂದಾಜು 12ರಿಂದ 15 ಮೈಕ್ರಾನಿನಂತೆ ಆವಿಯಾಗಿಸುತ್ತದೆ. ನನ್ನ ಪವರ್ ಮೈನಸ್ 5.25 ಆಗಿದ್ದರಿಂದ ಸುಮಾರು 80 ಮೈಕ್ರಾನ್ ಹೋಗುತ್ತದೆ. 538ರಲ್ಲಿ 110 ಮತ್ತು 80 ಕಳೆದರೆ ಫ್ಲ್ಯಾಪಿನ ಕೆಳಗೆ 348 ಮೈಕ್ರಾನ್ ಉಳಿಯುತ್ತದೆ. ಕಣ್ಣಿನ ಒಳಒತ್ತಡವನ್ನು ತಡೆದುಕೊಳ್ಳಲು ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು, 300 ಉಳಿದರೆ ಉತ್ತಮ. ಇದೇ ಲೆಕ್ಕವನ್ನು, ಡಯಾಪ್ಟರಿಗೆ 15 ಮೈಕ್ರಾನಿನಂತೆ, ಮೈನಸ್ 10 ಪವರಿನ, 490 ಮೈಕ್ರಾನಿನ ಕಣ್ಣಿಗೆ ಹಾಕಿ ನೋಡಿದರೆ ಆ ಕನಿಷ್ಠ ಮಿತಿಯೂ ಉಳಿಯುವುದಿಲ್ಲ. ಅಂಥವರಿಗೆ ಕಾರ್ನಿಯಾವನ್ನು ಕೊರೆಯದೆ ಕಣ್ಣಿನೊಳಗೆ ಲೆನ್ಸ್ ಇಡುವ ಐಸಿಎಲ್ ವಿಧಾನವನ್ನು ಸೂಚಿಸುತ್ತಾರೆ. ಕಾರ್ನಿಯಾದಿಂದ ತೆಗೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲವಾದ್ದರಿಂದ, ಈ ನಾಲ್ಕು ಸಂಖ್ಯೆಗಳನ್ನು ಕೇಳಿ ಬರೆದುಕೊಳ್ಳದೆ ಯಾರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಾರದು.

ಈಗ ತಮ್ಮನ ವಿಷಯ. ಅವನ ಪವರ್ ನನ್ನದಕ್ಕಿಂತ ಕಡಿಮೆ. ಹೀಗಾಗಿ ಅವನದೇ ಸುಲಭವೆಂದು ಮನೆಯವರೆಲ್ಲ ಎಣಿಸಿದ್ದೆವು. ಆದರೆ ಅವನ ಸಿಲಿಂಡರ್ ಪವರ್ (ಕಾರ್ನಿಯಾ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿಲ್ಲದಿದ್ದಾಗ ಬೇಕಾಗುವ ಪವರ್) ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವೇ ಏರುತ್ತಿತ್ತು, ಕಾರ್ನಿಯಾ ತೆಳುವಾಗಿತ್ತು, ಮತ್ತು ನಕ್ಷೆಯಲ್ಲಿ ಅದರ ಹಿಂಭಾಗ ಕೆಳಗಡೆಗೆ ತುಸು ಉಬ್ಬಿದಂತೆ ಕಾಣುತ್ತಿತ್ತು. ಕಾರ್ನಿಯಾ ಕ್ರಮೇಣ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಬರುವ ಕೆರಾಟೋಕೋನಸ್ ಎಂಬ ಕಾಯಿಲೆಯ ಆರಂಭವಿರಬಹುದೆಂದು ವೈದ್ಯೆ ಶಂಕಿಸಿದರು. ಅಂಥ ಕಣ್ಣಿನಿಂದ ಲೇಸರ್ ಮೂಲಕ ಇನ್ನಷ್ಟು ಅಂಗಾಂಶ ತೆಗೆದರೆ ಅದು ವೇಗವಾಗಿ ಸಡಿಲಗೊಂಡು ಉಬ್ಬುತ್ತದೆ. ಎಕ್ಟೇಸಿಯಾ ಎಂದು ಕರೆಯುವ ಆ ಸ್ಥಿತಿ ಬಂದರೆ ಕನ್ನಡಕದಿಂದಲೂ ದೃಷ್ಟಿ ಸರಿಯಾಗದೆ, ಕೆಲವರಿಗೆ ಕೊನೆಗೆ ಕಾರ್ನಿಯಾ ಕಸಿಯೇ ಬೇಕಾಗಬಹುದು. ಅವನಿಗೆ ಚಿಕ್ಕಂದಿನಿಂದ ಧೂಳಿನ ಅಲರ್ಜಿಯಿದ್ದು ಕಣ್ಣುಜ್ಜುವ ಅಭ್ಯಾಸವಿದೆ. ಅದನ್ನು ಇಂದಿನಿಂದಲೇ ಬಿಡಬೇಕು, ಆರು ತಿಂಗಳಿಗೊಮ್ಮೆ ನಕ್ಷೆ ತೆಗೆಸಬೇಕು, ಕಾಯಿಲೆ ಮುಂದುವರಿದರೆ ರೈಬೋಫ್ಲೇವಿನ್ ಡ್ರಾಪ್ಸ್ ಮತ್ತು ನೇರಳಾತೀತ ಕಿರಣದಿಂದ ಕಾರ್ನಿಯಾವನ್ನು ಗಟ್ಟಿಗೊಳಿಸುವ ಚಿಕಿತ್ಸೆ ಮಾಡಬೇಕಾಗುತ್ತದೆ ಎಂದು ತಿಳಿಸಿದರು. ಹತ್ತು ನಿಮಿಷದಲ್ಲಿ ಯೋಗ್ಯನೆಂದು ಹೇಳಿದ್ದ ಮೊದಲ ಕೇಂದ್ರದಲ್ಲಿ ಮುಂಗಡ ಕಟ್ಟಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ನೆನೆದಾಗ ನನಗೆ ಈಗಲೂ ಮೈ ನಡುಗುತ್ತದೆ.

ನನ್ನ ಮುಂದೆ ಮೂರು ವಿಧಾನಗಳಿದ್ದವು. ಪಿಆರ್‌ಕೆಯಲ್ಲಿ ಫ್ಲ್ಯಾಪ್ ಇಲ್ಲ. ಮೇಲಿನ ಚರ್ಮದಂಥ ಪದರವನ್ನು ಸವರಿ ತೆಗೆದು ಲೇಸರ್ ಹಾಯಿಸುತ್ತಾರೆ, ಹಾಗಾಗಿ ಮೂರರಿಂದ ಐದು ದಿನ ನೋವಿರುತ್ತದೆ, ದೃಷ್ಟಿ ತಿಳಿಯಾಗಲು ವಾರಗಳೇ ಬೇಕು. ಸ್ಮೈಲ್ ವಿಧಾನದಲ್ಲಿ ಕಾರ್ನಿಯಾದ ಒಳಗೇ ಒಂದು ತೆಳುಬಿಲ್ಲೆ ಕೊರೆದು ಎರಡರಿಂದ ನಾಲ್ಕು ಮಿಲಿಮೀಟರ್ ಸೀಳಿನ ಮೂಲಕ ಹೊರತೆಗೆಯುತ್ತಾರೆ. ಇದಕ್ಕೆ ಹಣ ಹೆಚ್ಚು. ಲೇಸಿಕ್ ಮಾಡಿಸಿಕೊಂಡವರ ಫ್ಲ್ಯಾಪ್ ಬಲವಾದ ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಜರುಗಬಹುದಾದ್ದರಿಂದ, ಕಬಡ್ಡಿ ಆಡುವವರಿಗೂ ಪೊಲೀಸ್ ತರಬೇತಿಗೆ ಹೋಗುವವರಿಗೂ ಫ್ಲ್ಯಾಪ್ ಇಲ್ಲದ ವಿಧಾನಗಳೇ ಸೂಕ್ತ. ನಾನು ಲೇಸಿಕ್ ಆರಿಸಿಕೊಂಡೆ. ಎರಡೂ ಕಣ್ಣಿಗೆ ಸೇರಿ 72,000 ರೂಪಾಯಿ ಆಯಿತು. 7.5 ಡಯಾಪ್ಟರಿಗಿಂತ ಕಡಿಮೆ ಪವರ್ ಇದ್ದರೆ ಆರೋಗ್ಯ ವಿಮೆಯಲ್ಲಿ ಈ ಚಿಕಿತ್ಸೆಯ ವೆಚ್ಚ ಹೊರಗಿಟ್ಟಿರುತ್ತದೆ. ವಿಮೆಯನ್ನು ನಂಬಿ ಯಾರೂ ದಿನಾಂಕ ಗೊತ್ತುಮಾಡಿಕೊಳ್ಳಬಾರದು.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಇಂಜೆಕ್ಷನ್ ಇಲ್ಲ, ಕಣ್ಣು ಮರಗಟ್ಟಲು ಡ್ರಾಪ್ಸ್ ಮಾತ್ರ. ರೆಪ್ಪೆ ಮುಚ್ಚದಂತೆ ಕ್ಲಿಪ್ ಹಾಕುತ್ತಾರೆ. ಫ್ಲ್ಯಾಪ್ ಮಾಡುವಾಗ ಕಣ್ಣನ್ನು ಹಿಡಿದಿಡುವ ಸಾಧನ ಒತ್ತಿದಂತಾಗಿ ಕೆಲವು ಕ್ಷಣ ಕತ್ತಲೆ ಕವಿಯಿತು. ಹೀಗಾಗುತ್ತದೆಂದು ಮೊದಲೇ ತಿಳಿಸಿದ್ದರಿಂದ ನಾನು ಹೆದರಲಿಲ್ಲ. ಎಕ್ಸೈಮರ್ ಲೇಸರ್ ನಡೆದದ್ದು ಅರ್ಧ ನಿಮಿಷಕ್ಕೂ ಕಡಿಮೆ. ಆಗ ಕೂದಲು ಸುಟ್ಟಂಥ ವಾಸನೆ ಬರುತ್ತದೆ, ಆದರೆ ಅಲ್ಲಿ ಏನೂ ಸುಡುತ್ತಿರುವುದಿಲ್ಲ. 193 ನ್ಯಾನೋಮೀಟರ್ ತರಂಗಾಂತರದ ಆ ಕಿರಣ ಸುತ್ತಲಿನ ಭಾಗಕ್ಕೆ ಶಾಖದ ಗಾಯ ಮಾಡದೆ ಅಂಗಾಂಶವನ್ನು ತೆಳುತೆಳುವಾಗಿ ತೆಗೆಯಬಲ್ಲದೆಂದು 1981ರಲ್ಲಿ ಕಂಡುಕೊಂಡವರು ಐಬಿಎಂ ಪ್ರಯೋಗಾಲಯದ ಮೂವರು ವಿಜ್ಞಾನಿಗಳು. ಅವರಲ್ಲೊಬ್ಬರು ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಮಾಂಸದ ತುಂಡಿನ ಮೇಲೆ ಅವರು ಮೊದಲ ಪ್ರಯೋಗ ಮಾಡಿದರೆಂಬುದನ್ನು ನಾನು ಆಮೇಲೆ ಓದಿ ತಿಳಿದೆ.

ಅಂದು ಸಂಜೆ ನಾಲ್ಕೈದು ಗಂಟೆ ಕಣ್ಣಿಗೆ ಮರಳು ಬಿದ್ದಂತೆ ಉರಿ, ಎಡೆಬಿಡದೆ ನೀರು. ಮರುದಿನ ಬೆಳಿಗ್ಗೆಯೇ ಫ್ಲ್ಯಾಪ್ ನೋಡಬೇಕಾದ್ದರಿಂದ, ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರಿಗೆ ಬಂದು ಮತ್ತೆ ಹೋಗುವುದರ ಬದಲು ಬೆಂಗಳೂರಿನಲ್ಲಿ ಅತ್ತೆಯ ಮನೆಯಲ್ಲಿ ಉಳಿದದ್ದು ಒಳ್ಳೆಯದಾಯಿತು. ಬೆಳಿಗ್ಗೆ ಎದ್ದಾಗ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳು ಕನ್ನಡಕವಿಲ್ಲದೆ ಕಂಡವು. ಹದಿನೆಂಟು ವರ್ಷ ದಿಂಬಿನ ಪಕ್ಕ ತಡಕಾಡಿ ಕನ್ನಡಕ ಹುಡುಕಿದವಳಿಗೆ ಆ ಕ್ಷಣ ಏನೆನಿಸಿತೆಂದು ಬರೆಯುವುದು ಕಷ್ಟ. ನಾನು ಅತ್ತುಬಿಟ್ಟೆ, ಕಣ್ಣೊರೆಸಿಕೊಳ್ಳಬಾರದೆಂದು ಅತ್ತೆ ಕೈ ಹಿಡಿದುಕೊಂಡರು.

ಊರಿಗೆ ಬಂದ ಮೇಲಿನ ಎಚ್ಚರಿಕೆಯೂ ಮುಖ್ಯವೇ. ಬಿ.ಎಚ್. ರಸ್ತೆಯ ಧೂಳಿನಲ್ಲಿ ಕಪ್ಪು ಕನ್ನಡಕವಿಲ್ಲದೆ ಓಡಾಡುವಂತಿಲ್ಲ, ಮಲಗುವಾಗ ರಕ್ಷಾಕವಚ ಕಟ್ಟಬೇಕು, ಒಂದು ವಾರ ತಲೆಸ್ನಾನವಿಲ್ಲ, ಕಾಡಿಗೆಯಿಲ್ಲ. ಕಣ್ಣಿಗೆ ತಂಪೆಂದು ನಮ್ಮಜ್ಜಿ ಹರಳೆಣ್ಣೆ ಬಿಡಲು ಬಂದಾಗ ಅವರಿಗೆ ನೋವಾಗದಂತೆ ತಡೆದು, ಹೊನಗೊನ್ನೆ ಸೊಪ್ಪಿನ ಪಲ್ಯ ಮಾಡಿಕೊಡಲು ಕೇಳಿಕೊಂಡೆ. ಸೋಂಕು ಅಪರೂಪವಾದರೂ ತಗುಲಿದರೆ ದೃಷ್ಟಿಯನ್ನೇ ತೆಗೆಯಬಲ್ಲದು. ವೈದ್ಯರು ಬರೆದ ಡ್ರಾಪ್ಸ್ ಬಿಟ್ಟು ಬೇರೇನನ್ನೂ ಕಣ್ಣಿಗೆ ಬಿಡಬಾರದು.

ತೊಂದರೆಗಳು ನನಗೂ ಆದವು. ರಾತ್ರಿ ಪಾಳಿಯ ಲೆಕ್ಕ ಮುಗಿಸಿ ಕಂಪನಿ ಬಸ್ಸಿನಲ್ಲಿ ಹೆದ್ದಾರಿಯಲ್ಲಿ ಬರುವಾಗ, ಎದುರಿನ ಪ್ರತಿ ಲಾರಿಯ ದೀಪದ ಸುತ್ತಲೂ ಮೂರು ತಿಂಗಳು ಬೆಳಕಿನ ಬಳೆ ಕಾಣುತ್ತಿತ್ತು. ಆ ಅವಧಿಯಲ್ಲಿ ಕತ್ತಲಾದ ಮೇಲೆ ಸ್ಕೂಟರ್ ಓಡಿಸುವುದನ್ನು ಬಿಟ್ಟಿದ್ದೆ. ಈಗ ಬಹುತೇಕ ಹೋಗಿದೆ. ಕಣ್ಣು ಒಣಗುವುದು ಮಾತ್ರ ಇನ್ನೂ ಉಳಿದಿದೆ; ಫ್ಲ್ಯಾಪ್ ಮಾಡುವಾಗ ಕಾರ್ನಿಯಾದ ನರಗಳು ತುಂಡಾಗುವುದರಿಂದ ಕಣ್ಣೀರಿನ ವ್ಯವಸ್ಥೆ ಏರುಪೇರಾಗುತ್ತದೆ. ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಸರಿಯಾಗುತ್ತದಂತೆ, ನಾನು ದಿನಕ್ಕೆ ಎರಡು ಸಲ ಇನ್ನೂ ಡ್ರಾಪ್ಸ್ ಬಿಟ್ಟುಕೊಳ್ಳುತ್ತೇನೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ನಡೆಸಿ 2017ರಲ್ಲಿ ಪ್ರಕಟಗೊಂಡ ಅಧ್ಯಯನಗಳಲ್ಲಿ, ಮೊದಲು ಬೆಳಕಿನ ಬಳೆಯಂಥ ಯಾವ ಲಕ್ಷಣವೂ ಇಲ್ಲದಿದ್ದವರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿಗೆ ಮೂರನೆಯ ತಿಂಗಳಲ್ಲಿ ಒಂದಾದರೂ ಅಂಥ ಲಕ್ಷಣ ಕಾಣಿಸಿಕೊಂಡಿತ್ತು. ಅದೇ ಅಧ್ಯಯನಗಳಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ತಮ್ಮ ದೃಷ್ಟಿಯ ಬಗ್ಗೆ ತೃಪ್ತರಾಗಿದ್ದರು, ನಿತ್ಯದ ಕೆಲಸಕ್ಕೆ ತೀವ್ರ ಅಡ್ಡಿಯಾದದ್ದು ಶೇ. 1ಕ್ಕಿಂತ ಕಡಿಮೆ ಮಂದಿಗೆ. ನನ್ನ ಅನುಭವ ಇವುಗಳಲ್ಲಿ ಮೊದಲ ಎರಡು ಸಂಖ್ಯೆಗಳೊಳಗೆ ಸೇರುತ್ತದೆ. ಆದರೆ ಆ ಶೇ. 1ಕ್ಕಿಂತ ಕಡಿಮೆ ಮಂದಿಯಲ್ಲಿ ತಾವೇ ಸಿಕ್ಕಿಕೊಂಡವರ, ಅಥವಾ ವರ್ಷಗಟ್ಟಲೆ ಕಣ್ಣುನೋವು ಅನುಭವಿಸುವವರ ಸಂಕಟವನ್ನು ಚಿಕ್ಕದೆಂದು ಯಾರೂ ಹೇಳಲಾರರು.

ಈ ಚಿಕಿತ್ಸೆ ಬದಲಾಯಿಸದ ಸಂಗತಿಗಳೂ ಇವೆ. ನಲವತ್ತು ದಾಟಿದ ಮೇಲೆ ನನಗೂ ಚಾಳೀಸು ಬರುತ್ತದೆ. ಮೈನಸ್ ಪವರಿನ ಉದ್ದನೆಯ ಕಣ್ಣು ಒಳಗೆ ಹಾಗೆಯೇ ಇರುವುದರಿಂದ ರೆಟಿನಾ ಹರಿಯುವ ಅಪಾಯ ತಪ್ಪಿಲ್ಲ. ವರ್ಷಕ್ಕೊಮ್ಮೆ ಅದನ್ನು ನೋಡಿಸಲೇಬೇಕು. ಕಾರ್ನಿಯಾ ತೆಳುವಾದ ಮೇಲೆ ಕಣ್ಣಿನ ಒತ್ತಡದ ಅಳತೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಮುಂದೆ ಪೊರೆಯ ಶಸ್ತ್ರಚಿಕಿತ್ಸೆಗೆ ಲೆನ್ಸಿನ ಪವರ್ ಲೆಕ್ಕ ಹಾಕುವುದೂ ಕಷ್ಟವಾಗುತ್ತದೆ. ಅದಕ್ಕಾಗಿ ಚಿಕಿತ್ಸೆಗೆ ಮೊದಲಿನ ಎಲ್ಲ ಅಳತೆಗಳ ಪ್ರತಿ ಕೇಳಿದೆ. ಆಸ್ಪತ್ರೆಯವರು ತಕರಾರಿಲ್ಲದೆ ಮುದ್ರಿಸಿ ಕೊಟ್ಟರು. ಒಂದೇ ಒಂದು ಕೊರತೆಯೆಂದರೆ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಮ್ಮನಿಗೆ ನಾನೇ ಓದಿ ಅರ್ಥ ಹೇಳಬೇಕಾಯಿತು. ತುಮಕೂರು, ಕೋಲಾರದ ಕಡೆಯಿಂದ ಅಷ್ಟು ಜನ ಬರುವ ಆಸ್ಪತ್ರೆಯಲ್ಲಿ ಅದು ಕನ್ನಡದಲ್ಲಿ ಇರಲೇಬೇಕು, ಮತ್ತು ನಾನು ಅವರಿಗೆ ಲಿಖಿತವಾಗಿ ಕೇಳಿಕೊಂಡಿದ್ದೇನೆ.

ತಮ್ಮ ಮೂರನೆಯ ಸಲ ನಕ್ಷೆ ತೆಗೆಸಲು ಕಳೆದ ತಿಂಗಳು ಅಲ್ಲಿಗೇ ಹೋಗಿದ್ದ. ಮೂರೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ವೈದ್ಯೆ ಬದಲಾವಣೆ ಕಾಣುತ್ತಿಲ್ಲವೆಂದರು. ಅಲರ್ಜಿಗೆ ಡ್ರಾಪ್ಸ್ ಮುಂದುವರಿಸಿದ್ದಾರೆ; ಕನ್ನಡಕ ಧರಿಸುವವರಿಗೂ ಅವಕಾಶವಿರುವ ಹುದ್ದೆಗಳಿಗೆ ಅವನು ಈಗ ಓದುತ್ತಿದ್ದಾನೆ.