ಸ್ಟಿಕ್, ಮಿಗ್, ಟಿಗ್: ವೆಲ್ಡರ್ ಆಗುವವರು ಯಾವುದರಿಂದ ಶುರು ಮಾಡಬೇಕು?

ವೆಲ್ಡಿಂಗ್ ಕಲಿಯಲು ಹೊರಟವರು ಮೊದಲು ಕೇಳುವುದು ಸಂಬಳ ಎಷ್ಟು ಅಂತ. ಯಾವ ವೆಲ್ಡಿಂಗ್ ಬರುತ್ತದೆ, ಯಾವ ಪೊಸಿಷನ್‌ನಲ್ಲಿ (ಜಾಯಿಂಟ್ ಯಾವ ದಿಕ್ಕಿಗೆ, ಎಷ್ಟು ಓರೆಯಾಗಿದ್ದಾಗ) ಟೆಸ್ಟ್ ಪಾಸಾಗಿದ್ದೀರಿ ಅನ್ನುವುದರ ಮೇಲೆ ಅದು ನಿಂತಿದೆ. ಸ್ಟಿಕ್ (ಲೇಪನವಿರುವ ರಾಡ್ ಕರಗಿಸಿ ಬೆಸೆಯುವುದು), ಮಿಗ್ (ತಂತಿ ಮತ್ತು ಗ್ಯಾಸ್‌ನಿಂದ), ಟಿಗ್ (ಟಂಗ್‌ಸ್ಟನ್ ತುದಿ ಮತ್ತು ಗ್ಯಾಸ್‌ನಿಂದ), ಮೂರೂ ವಿದ್ಯುತ್ ಆರ್ಕ್‌ನಿಂದ ಬೆಸೆಯುವ ವಿಧಾನಗಳೇ, ಮೂರನ್ನೂ ನಾನು ಕೈಯಾರೆ ಮಾಡಿ ನೋಡಿದ್ದೇನೆ. ನನ್ನ ಓಟು ಸ್ಟಿಕ್‌ಗೆ, ಆಮೇಲೆ ಟಿಗ್‌ಗೆ.

ಮಿಗ್ ಬೇಗ ಕೈಗೆ ಹತ್ತುತ್ತದೆ. ಟ್ರಿಗರ್ ಒತ್ತಿದರೆ ತಂತಿ ತಾನಾಗಿ ಬರುತ್ತದೆ, ಸ್ಲ್ಯಾಗ್ (ಬೆಸುಗೆ ಮೇಲೆ ಗಟ್ಟಿಯಾಗುವ ಪದರ) ಕುಟ್ಟುವ ಕೆಲಸವಿಲ್ಲ. ಬೇಗ ಕೆಲಸ ಬೇಕು ಅನ್ನುವವರಿಗೆ ಫ್ಯಾಕ್ಟರಿ ಲೈನ್‌ಗೆ ಇದೇ ಸಲೀಸು. ಆದರೆ ಬೀಡ್ (ಬೆಸುಗೆಯ ಗೆರೆ) ಮೇಲೆ ಚೆಂದ ಕಂಡರೂ ಕೆಲವೊಮ್ಮೆ ಕೆಳಗೆ ಲೋಹ ಬೆಸೆದೇ ಇರುವುದಿಲ್ಲ, ಅದು ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಬಯಲಲ್ಲಿ ಗಾಳಿ ಬಂದರೆ ಬೆಸುಗೆಯನ್ನು ಕಾಯುವ ಗ್ಯಾಸ್ ಚದುರಿ ಬೀಡ್ ತುಂಬ ತೂತು. ಒಂದೇ ಥರದ ಜಾಯಿಂಟ್‌ಗಳನ್ನು ಈಗ ರೋಬೋಟ್‌ಗಳೂ ಮಾಡುತ್ತವೆ, ಹಾಗಾಗಿ ಇದೊಂದನ್ನೇ ನಂಬಿದರೆ ಸಂಬಳ ಒಂದು ಹಂತದಲ್ಲಿ ನಿಂತುಬಿಡುತ್ತದೆ.

ಸ್ಟಿಕ್ ಮೊದಮೊದಲು ಸತಾಯಿಸುತ್ತದೆ, ರಾಡ್ ಅಂಟಿಕೊಳ್ಳುತ್ತಲೇ ಇರುತ್ತದೆ. 6013 ನಂಬರಿನ ರಾಡ್‌ನಲ್ಲಿ ಕೈ ಪಳಗಲಿ, ಆಮೇಲೆ 7018. 7018 ಅನ್ನು ಒಣಗಿಸಿ ಬೆಚ್ಚಗೆ ಇಡಬೇಕು. ತೇವ ಹಿಡಿದರೆ ಹೈಡ್ರೋಜನ್ ಸೇರಿ ಬೆಸುಗೆ ಬಿರುಕು ಬಿಡಬಹುದು. ನಿಜವಾದ ಪಾಠ ಇರುವುದು ಕೆಳಗಿನಿಂದ ಮೇಲಕ್ಕೆ ಬೆಸೆಯುವಾಗ. ಎರಡೂ ಅಂಚಿನಲ್ಲಿ ಚೂರು ನಿಲ್ಲಬೇಕು, ನಡುವೆ ಸರ್‍ರನೆ ದಾಟಬೇಕು. ನಿಧಾನ ಮಾಡಿದರೆ ಹೊಟ್ಟೆ ಉಬ್ಬಿ ಜೋತುಬೀಳುತ್ತದೆ. ಕಣ್ಣು ಬೆಳಕಿನ ಮೇಲಲ್ಲ, ಕರಗಿದ ಲೋಹದ ಮೇಲಿರಬೇಕು. ಈ ಕಣ್ಣು ಒಮ್ಮೆ ಬಂದರೆ ಉಳಿದ ಎರಡನ್ನೂ ಕಲಿಯುವುದು ಸುಲಭ.

ಟಿಗ್‌ನಲ್ಲಿ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಫಿಲ್ಲರ್ (ಬೆಸುಗೆಗೆ ಸೇರಿಸುವ ಲೋಹದ ಕಡ್ಡಿ). ಟಂಗ್‌ಸ್ಟನ್ ತುದಿ ಕರಗಿದ ಲೋಹಕ್ಕೆ ತಾಗಿತೋ, ನಿಲ್ಲಿಸಿ ಮತ್ತೆ ಚೂಪು ಮಾಡಬೇಕು. ತಾಳ್ಮೆ ಬೇಕು, ಜಾಸ್ತಿಯೇ ಬೇಕು. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ, ಪೈಪಿನ ರೂಟ್ (ಜಾಯಿಂಟ್‌ನ ತಳದ ಮೊದಲ ಬೆಸುಗೆ), ಇಂಥವಕ್ಕೆ ಹೆಚ್ಚಾಗಿ ಇದು ಬೇಕಾಗುವುದರಿಂದ ಒಳ್ಳೆಯ ದುಡ್ಡೂ ಇಲ್ಲಿದೆ.

ಆದರೂ ಶುರುವಿನಲ್ಲಿ ಸಾಮಾನ್ಯವಾಗಿ ಹೆಲ್ಪರ್ ಸಂಬಳವೇ. ಗ್ರೈಂಡಿಂಗ್, ಫಿಟಪ್ (ಬೆಸೆಯುವ ಮುಂಚೆ ತುಂಡುಗಳನ್ನು ಸರಿಯಾಗಿ ಜೋಡಿಸುವುದು), ಸಾಮಾನು ಹೊರುವುದು. ಬೇಜಾರಾಗಬೇಡಿ, ಫಿಟಪ್ ಕಲಿತವನ ಬೆಸುಗೆ ಚೆನ್ನಾಗಿರುತ್ತದೆ. ಸಂಬಳ ಜಿಗಿಯುವುದು ಸಾಮಾನ್ಯವಾಗಿ 6ಜಿ ಅನ್ನುವ ಪೈಪ್ ಟೆಸ್ಟ್ ಪಾಸಾದ ಮೇಲೆ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಅದನ್ನು ತಿರುಗಿಸುವಂತಿಲ್ಲ. ರೂಟ್ ಟಿಗ್‌ನಲ್ಲಿ, ಉಳಿದದ್ದು ಸ್ಟಿಕ್‌ನಲ್ಲಿ ಮಾಡಿಸುವುದೇ ಹೆಚ್ಚು. ಸ್ಥಾವರಗಳ ಶಟ್‌ಡೌನ್ (ರಿಪೇರಿಗೆಂದು ನಿಲ್ಲಿಸಿದಾಗಿನ) ಕೆಲಸದಲ್ಲಿ ದಿನಗೂಲಿ ಜಾಸ್ತಿ, ಆದರೆ ಎರಡು ಕೆಲಸಗಳ ನಡುವೆ ಖಾಲಿ ಕೂರಬೇಕಾಗಬಹುದು. ಲೆಕ್ಕ ಹಾಕುವಾಗ ವರ್ಷದ ದುಡಿಮೆ ನೋಡಿ.

ತರಬೇತಿ ಮುಗಿಸಿದ ಸರ್ಟಿಫಿಕೇಟ್ ಬೇರೆ, ವೆಲ್ಡರ್ ಕ್ವಾಲಿಫಿಕೇಶನ್ ಬೇರೆ. ಎರಡನೆಯದನ್ನು ಎಎಸ್ಎಂಇ ಸೆಕ್ಷನ್ 9, ಎಡಬ್ಲ್ಯೂಎಸ್ ಡಿ1.1, ಐಎಸ್ಒ 9606-1 ಇಂಥ ಕೋಡ್‌ಗಳ (ಬೆಸುಗೆಯ ನಿಯಮ ಪುಸ್ತಕಗಳ) ಪ್ರಕಾರ ಕೊಡುತ್ತಾರೆ. ಟೆಸ್ಟ್ ತುಂಡನ್ನು ಯು ಆಕಾರಕ್ಕೆ ಬಗ್ಗಿಸುತ್ತಾರೆ, ಇಲ್ಲವೇ ಎಕ್ಸ್‌ರೇ ತೆಗೆಯುತ್ತಾರೆ. ಬಗ್ಗಿಸಿದ ಮೈ ಮೇಲೆ 3 ಮಿ.ಮೀ.ಗಿಂತ ದೊಡ್ಡ ಬಿರುಕು ಕಂಡರೆ ಫೇಲ್. ಪಾಸಾದದ್ದೂ ಆಯಾ ವಿಧಾನ, ಪೊಸಿಷನ್, ದಪ್ಪದ ಮಿತಿಗೆ ಮಾತ್ರ. ಎಎಸ್ಎಂಇ ಪ್ರಕಾರ 6 ತಿಂಗಳು ಆ ವಿಧಾನದಲ್ಲಿ ಬೆಸೆಯದಿದ್ದರೆ ಅದು ಹೋಯಿತು ಅಂತಲೇ ಅರ್ಥ. ಹೊಸ ಕಂಪನಿಗೆ ಹೋದರೆ ಅವರೂ ಮತ್ತೆ ಟೆಸ್ಟ್ ತೆಗೆದುಕೊಳ್ಳುವುದು ಮಾಮೂಲು.

ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಮೂರು ವಿಷಯ ಕೇಳಿ: ದಿನಕ್ಕೆ ಎಷ್ಟು ಹೊತ್ತು ಆರ್ಕ್ ಹೊಡೆಯಲು ಬಿಡುತ್ತಾರೆ, ಯಾವ ಪೊಸಿಷನ್‌ವರೆಗೆ ಕಲಿಸುತ್ತಾರೆ, ಯಾವ ಕೋಡ್ ಪ್ರಕಾರ ಟೆಸ್ಟ್ ಮಾಡಿಸುತ್ತಾರೆ. ಕಟ್ಟಡ ತೋರಿಸುವುದಿರಲಿ, ಕಲಿಯುತ್ತಿರುವವರು ಬಗ್ಗಿಸಿದ ತುಂಡುಗಳನ್ನು ತೋರಿಸಿ ಅಂತ ಕೇಳಿ.