ಹಳೇ ಲ್ಯಾಪ್‌ಟಾಪ್‌ನಲ್ಲಿ ಹಳೇ ಆಟ: ವೈನ್ ಮತ್ತು ಎಕ್ಸ್‌ಎಫ್‌ಸಿಇ ಬಳಸಿ ನೋಡಿದೆ

ನನ್ನ ಲ್ಯಾಪ್‌ಟಾಪ್‌ನಲ್ಲಿರೋದು ಮೂರನೇ ತಲೆಮಾರಿನ ಇಂಟೆಲ್ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಉಚಿತ ಬೆಂಬಲ ನಿಂತಿತು, 11 ಈ ಯಂತ್ರವನ್ನು ಹೊಸಿಲೊಳಗೇ ಸೇರಿಸೋದಿಲ್ಲ. ಲಿನಕ್ಸ್ ಹಾಕಿದೆ, ವಿಂಡೋಸ್ ಪ್ರೋಗ್ರಾಂಗಳನ್ನು ಅದರ ಮೇಲೆ ಓಡಿಸೋ ವೈನ್ ಕೂಡ. ಷರತ್ತು ಒಂದೇ: ಡಯಾಬ್ಲೊ 2 ಮತ್ತು ಏಜ್ ಆಫ್ ಎಂಪೈರ್ಸ್ 2 ಓಡಬೇಕು.

ಯಾರನ್ನು ಕೇಳಿದರೂ ಮೊದಲು ಹೇಳೋದು "ಡಿಎಕ್ಸ್‌ವಿಕೆ ಹಾಕು" ಅಂತ. ಹಾಕಿದೆ, ಏನೂ ಬದಲಾಗಲಿಲ್ಲ. ಬದಲಾಗೋದು ಸಾಧ್ಯವೂ ಇರಲಿಲ್ಲ ಅನ್ನಿ. ವಿಂಡೋಸ್ ಆಟಗಳು ಚಿತ್ರ ಬಿಡಿಸಲು ಬಳಸೋ ಡೈರೆಕ್ಟ್3ಡಿಯ 8ರಿಂದ 11ರವರೆಗಿನ ಆವೃತ್ತಿಗಳನ್ನು ಡಿಎಕ್ಸ್‌ವಿಕೆ, ವಲ್ಕನ್ ಅನ್ನೋ ಹೊಸ ಗ್ರಾಫಿಕ್ಸ್ ವ್ಯವಸ್ಥೆಗೆ ತಿರುಗಿಸುತ್ತೆ. 1999ರ ಏಜ್ ಆಫ್ ಎಂಪೈರ್ಸ್ 2 ಚಿತ್ರ ಬಿಡಿಸೋದು ಡೈರೆಕ್ಟ್‌ಡ್ರಾ ಅನ್ನೋ ಹಳೇ 2ಡಿ ವ್ಯವಸ್ಥೆಯಲ್ಲಿ, 256 ಬಣ್ಣಗಳಲ್ಲಿ; ಅದನ್ನು ವೈನ್ ತಾನೇ ನೋಡಿಕೊಳ್ಳುತ್ತೆ. ಇನ್ನೊಂದು ಡೈರೆಕ್ಟ್3ಡಿ 9 ಆಟಕ್ಕಂತೂ ಡಿಎಕ್ಸ್‌ವಿಕೆ ಉಪದ್ರವವೇ ಆಯ್ತು. ಈ ತಲೆಮಾರಿನ ಇಂಟೆಲ್ ಗ್ರಾಫಿಕ್ಸ್‌ಗೆ ವಲ್ಕನ್ ಬೆಂಬಲ ಅಪೂರ್ಣ ಅಂತ ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರಾದ ಮೆಸಾವೇ ಎಚ್ಚರಿಕೆ ಕೊಡುತ್ತೆ. ಆಟಗಳನ್ನು ಹೊಂದಿಸಿ ಓಡಿಸೋ ಲುಟ್ರಿಸ್‌ನಲ್ಲಿ ಡಿಎಕ್ಸ್‌ವಿಕೆ ಸ್ವಿಚ್ ಆಫ್ ಮಾಡಿ, ಹಳೇ ಓಪನ್‌ಜಿಎಲ್ ಗ್ರಾಫಿಕ್ಸ್ ದಾರಿಗೆ ಬಿಟ್ಟ ಮೇಲೆ ಆಟ ಮಾತಾಡದೆ ಓಡಿತು.

ನಿಜವಾಗಿ ಉಪಯೋಗಕ್ಕೆ ಬಂದದ್ದು ವೈನ್ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ಟ್ಯಾಬ್‌ನಲ್ಲಿರುವ 'ವರ್ಚುವಲ್ ಡೆಸ್ಕ್‌ಟಾಪ್'. ಅದಿಲ್ಲದೆ ಆಟ ಪರದೆಯನ್ನು 800x600ಕ್ಕೆ ಎಳೆದು, ಮಧ್ಯದಲ್ಲಿ ಸತ್ತರೆ ಹಾಗೇ ಬಿಟ್ಟು ಹೋಗುತ್ತೆ. ಐಕಾನ್‌ಗಳೆಲ್ಲ ಮೂಲೆಗೆ ಬಂದು ಗುಡ್ಡೆ ಬೀಳುತ್ತವೆ. ಟಿಕ್ ಹಾಕಿದರೆ ಆಟ ತನ್ನ ಕಿಟಕಿಯೊಳಗೇ ಬಾಲ ಮುದುರಿಕೊಂಡು ಕೂರುತ್ತೆ. ಪ್ರತಿ ಆಟಕ್ಕೂ ಬೇರೆ ಪ್ರಿಫಿಕ್ಸ್, ಅಂದರೆ ವೈನ್‌ನ ನಕಲಿ ವಿಂಡೋಸ್ ಇರೋ ಫೋಲ್ಡರ್, ಇಟ್ಟಿದ್ದೇನೆ. ಕೆಟ್ಟರೆ ಆ ಫೋಲ್ಡರ್ ಅಳಿಸಿದರಾಯ್ತು, ಉಳಿದವಕ್ಕೆ ಸೋಂಕಿಲ್ಲ. 16-ಬಿಟ್ ಇನ್‌ಸ್ಟಾಲರ್ ಇದ್ದ ಒಂದು ಹಳೇ ಸಿಡಿಯನ್ನು 64-ಬಿಟ್ ವಿಂಡೋಸ್ ಮುಟ್ಟಿಯೂ ನೋಡ್ತಿರಲಿಲ್ಲ. ವೈನ್‌ನ 32-ಬಿಟ್ ಪ್ರಿಫಿಕ್ಸ್‌ನಲ್ಲಿ ಅದು ಸಲೀಸಾಗಿ ಕೂತಿತು.

ಡೆಸ್ಕ್‌ಟಾಪ್ ವಿಷಯಕ್ಕೆ ಬಂದರೆ, ಎಲ್ಲರೂ ತಕ್ಕಡಿ ಹಿಡಿದು ರ‍್ಯಾಮ್ ತೂಗ್ತಾರೆ. ನಾನೂ ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ, ಐಸ್‌ಡಬ್ಲ್ಯೂಎಂ ಅನ್ನೋ ಮೂರು ಹಗುರ ಲಿನಕ್ಸ್ ಡೆಸ್ಕ್‌ಟಾಪ್‌ಗಳನ್ನು ತೂಗಿದೆ. ಎಲ್‌ಎಕ್ಸ್‌ಕ್ಯೂಟಿ ಎಕ್ಸ್‌ಎಫ್‌ಸಿಇಗಿಂತ ಕಡಿಮೆ ತಿಂದಿತು, ಆದರೆ ಆ ಉಳಿತಾಯವನ್ನು ಬ್ರೌಸರ್‌ನ ಎರಡು ಟ್ಯಾಬ್ ನುಂಗಿಹಾಕುತ್ತವೆ. ಐಸ್‌ಡಬ್ಲ್ಯೂಎಂ ಇನ್ನೂ ಹಗುರ, ಆದರೆ ವೈಫೈ ಮತ್ತು ವಾಲ್ಯೂಮ್ ಐಕಾನ್‌ಗಳನ್ನು ನಾನೇ ಹೊಂದಿಸಿಕೊಳ್ಳಬೇಕಾಯ್ತು. ಒಂದು ಭಾನುವಾರ ಸಾಕಾಯ್ತು.

ಎಕ್ಸ್‌ಎಫ್‌ಸಿಇಯನ್ನು ಉಳಿಸಿಕೊಂಡದ್ದು ಆಲ್ಟ್ ಕೀಲಿಗಾಗಿ. ಡಯಾಬ್ಲೊ 2ರಲ್ಲಿ ನೆಲಕ್ಕೆ ಬಿದ್ದ ವಸ್ತುಗಳ ಹೆಸರು ಕಾಣಬೇಕಾದರೆ ಆಲ್ಟ್ ಒತ್ತಿ ಹಿಡಿದು, ಬೇಕಾದದ್ದರ ಮೇಲೆ ಕ್ಲಿಕ್ ಮಾಡಬೇಕು. ಕಿಟಕಿಗಳನ್ನು ನಿಭಾಯಿಸೋ ಲಿನಕ್ಸ್‌ನ ಹೆಚ್ಚಿನ ವಿಂಡೋ ಮ್ಯಾನೇಜರ್‌ಗಳಿಗೆ ಆಲ್ಟ್ ಮತ್ತು ಕ್ಲಿಕ್ ಅಂದರೆ ಕಿಟಕಿಯನ್ನು ಎಳೆದಾಡು ಅಂತ ಅರ್ಥ. ಮೊದಲ ರಾತ್ರಿ ಒಳ್ಳೇ ಖಡ್ಗವೊಂದು ಬಿತ್ತು. ಕ್ಲಿಕ್ ಮಾಡಿದರೆ ಇಡೀ ಆಟವೇ ಪರದೆಯ ಆಚೆಗೆ ಜಾರಿತು, ಅಷ್ಟರಲ್ಲಿ ನಾನು ಸತ್ತಿದ್ದೆ! ಎಲ್‌ಎಕ್ಸ್‌ಕ್ಯೂಟಿಯಲ್ಲಿ ಓಪನ್‌ಬಾಕ್ಸ್ ಅನ್ನೋ ವಿಂಡೋ ಮ್ಯಾನೇಜರ್ ಇದ್ದದ್ದರಿಂದ ಇದನ್ನು ಸರಿಪಡಿಸಲು ಎಕ್ಸ್‌ಎಂಎಲ್ ಫೈಲ್ ತಿದ್ದಬೇಕಾಯ್ತು. ಎಕ್ಸ್‌ಎಫ್‌ಸಿಇಯಲ್ಲಿ 'ವಿಂಡೋ ಮ್ಯಾನೇಜರ್ ಟ್ವೀಕ್ಸ್' ತೆರೆದು, ಕಿಟಕಿ ಹಿಡಿಯುವ ಕೀಲಿಯನ್ನು ಬದಲಿಸಿದರೆ ಮುಗೀತು. ಕಿಟಕಿಗಳನ್ನು ಒಟ್ಟುಗೂಡಿಸಿ ಪರದೆಗೆ ತರೋ ಕಂಪೋಸಿಟರ್‌ನ ಟಿಕ್ ಕೂಡ ಅದೇ ಕಿಟಕಿಯಲ್ಲಿದೆ. ಅದನ್ನು ತೆಗೆದ ಮೇಲೆ ಮೌಸ್‌ನ ಎಳೆತ ಹೋಯ್ತು. ಸಿನಿಮಾ ನೋಡುವಾಗ ಚಿತ್ರ ಅಡ್ಡಡ್ಡ ಹರಿದಂತೆ ಕಂಡರೆ ಮತ್ತೆ ಹಾಕ್ತೀನಿ.

ನೋಡೋಕೆ ಎಕ್ಸ್‌ಎಫ್‌ಸಿಇ ಸಪ್ಪೆ, ನಿಜ. ಆಟ ಪರದೆ ತುಂಬಿದ ಮೇಲೆ ಅದರ ಮುಖ ಯಾರು ನೋಡ್ತಾರೆ?

ಒಂದು ತಕರಾರು ಉಳಿದಿದೆ. ಮಿಡಿ ಸಂಗೀತ (ಧ್ವನಿಯಲ್ಲ, ಸ್ವರಗಳ ಪಟ್ಟಿ ಮಾತ್ರ) ಬಳಸೋ ಇನ್ನೊಂದು ಆಟ ಮೂಕವಾಗಿ ಶುರುವಾಯ್ತು, ಮಿಡಿ ನುಡಿಸೋ ಸಿಂಥಸೈಜರ್ ಈ ಯಂತ್ರದಲ್ಲಿ ಓಡ್ತಿರಲಿಲ್ಲ. ಫ್ಲೂಯಿಡ್‌ಸಿಂತ್ ಅನ್ನೋ ಸಿಂಥಸೈಜರ್ ಹಾಕಿ, ವಾದ್ಯಗಳ ದನಿ ಇರೋ ಸೌಂಡ್‌ಫಾಂಟ್ ಫೈಲ್ ಕೊಟ್ಟು, ಆಟಕ್ಕೆ ಮೊದಲೇ ಚಾಲೂ ಮಾಡಿದೆ. ಸಂಗೀತ ಬಂತು. ನೆನಪಿನಲ್ಲಿದ್ದದ್ದಕ್ಕಿಂತ ಚೆನ್ನಾಗೇ ಬಂತು, ಅದೇ ಬೇಜಾರು. ನನಗೆ ಬೇಕಿದ್ದದ್ದು ಆ ಅಗ್ಗದ ಸೌಂಡ್‌ಕಾರ್ಡ್‌ನ ತಗಡು ದನಿ. ಅಷ್ಟು ಕೆಟ್ಟ ಸೌಂಡ್‌ಫಾಂಟ್ ಇನ್ನೂ ಸಿಕ್ಕಿಲ್ಲ.